ಆರು ಬಾಟಲಿಗಳ ಮಳೆಗಾಲ

ಕಳೆದ ತಿಂಗಳು ಗೋಪನಕೊಪ್ಪದಲ್ಲಿ ನಾವು ಹಿಂದೆ ಬಾಡಿಗೆಗಿದ್ದ ಮನೆಯ ಮೆಟ್ಟಿಲನ್ನು ಮತ್ತೊಮ್ಮೆ ಹತ್ತಬೇಕಾಯಿತು. ನನ್ನ ಹೆಸರಿನ ಯಾವುದೋ ಪತ್ರ ಹಳೆಯ ವಿಳಾಸಕ್ಕೆ ಹೋಗಿ ಕುಳಿತಿದೆಯೆಂದು ಈಗಿನ ಬಾಡಿಗೆದಾರರು ಫೋನು ಮಾಡಿ ತಿಳಿಸಿದ್ದರು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಒಂದು ವಾಸನೆ ಬಂದು ನನ್ನನ್ನು ಅಲ್ಲಿಯೇ ನಿಲ್ಲಿಸಿತು. ಹಸುಗೂಸಿನ ಹಾಲಿನ ಬಾಟಲಿಗಳನ್ನು ತೊಟ್ಟುಗಳ ಸಮೇತ ಪಾತ್ರೆಯಲ್ಲಿ ಹಾಕಿ ಕುದಿಸುವಾಗ ಏಳುವ ವಾಸನೆ ಅದು. ಒಂದಷ್ಟು ರಬ್ಬರು, ಒಂದಷ್ಟು ಹಾಲು, ಒಂದಷ್ಟು ಬೋರ್‌ವೆಲ್ ನೀರಿನ ಸುಣ್ಣ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಆ ವಾಸನೆಗೊಂದು ಹೆಸರು ಇದುವರೆಗೂ ಹೊಳೆದಿಲ್ಲ. ಆದರೆ ಅದು ಮೂಗಿಗೆ ಬಿದ್ದೊಡನೆ ನಾಲ್ಕು ವರ್ಷ ಹಿಂದಿನ ಮಳೆಗಾಲ ಪೂರ್ತಿಯಾಗಿ ಎದುರು ಬಂದು ನಿಂತಿತು, ಮತ್ತು ನನಗೆ ಆಗಿನಷ್ಟೇ ರೇಗಿತು.

ಆ ವರ್ಷದ ಬೇಸಿಗೆಯಲ್ಲಿ ನಾನು ಸ್ವಯಂ ನಿವೃತ್ತಿ ಪಡೆದಿದ್ದೆ. ವಯಸ್ಸು ಐವತ್ತನಾಲ್ಕು. ಹೆಂಡತಿ ವಿಜಯಾ ತಾಲ್ಲೂಕು ಕಚೇರಿಯ ನೌಕರಿಯಲ್ಲಿದ್ದಳು. ಬೆಳಗಿನ ಒಂಬತ್ತೂವರೆಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ಮಗಳು ಸ್ನೇಹಾ ಚೊಚ್ಚಲ ಹೆರಿಗೆಗೆಂದು ನಮ್ಮಲ್ಲಿಗೆ ಬಂದಿದ್ದಳು. ದಿನ ತುಂಬಲು ಇನ್ನೊಂದು ತಿಂಗಳಿರುವಾಗಲೇ ಹೆರಿಗೆಯಾಯಿತು. ಹೆಣ್ಣುಕೂಸು, ತೂಕ ಎರಡು ಕಿಲೋಗಿಂತ ತುಸು ಕಡಿಮೆ. ಎದೆಗೆ ಬಾಯಿ ಹಚ್ಚಿದರೆ ನಾಲ್ಕು ಗುಟುಕಿಗೇ ದಣಿದು ನಿದ್ದೆಹೋಗುತ್ತಿತ್ತು. ಬಟ್ಟಲು ಚಮಚದಿಂದ ಹಾಕಿ ನೋಡಿದೆವು. ಅರ್ಧಕ್ಕಿಂತ ಹೆಚ್ಚು ಕುತ್ತಿಗೆಯ ಮಡಿಕೆಗೆ ಇಳಿಯಿತು. ಕೊನೆಗೆ ತಾಯಿಯ ಹಾಲನ್ನೇ ಹಿಂಡಿ ತೆಗೆದು ಬಾಟಲಿಯಲ್ಲಿ ಕುಡಿಸುವುದೆಂದು ತೀರ್ಮಾನವಾಯಿತು. ಮಕ್ಕಳ ಡಾಕ್ಟರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ, ಒಂದು ಎಚ್ಚರಿಕೆ ಹೇಳಿದರು: ಬಾಟಲಿಯ ಸ್ವಚ್ಛತೆಯಲ್ಲಿ ಕೂದಲೆಳೆಯಷ್ಟೂ ತಪ್ಪಕೂಡದು, ಇಷ್ಟು ಸಣ್ಣ ಕೂಸಿಗೆ ಭೇದಿ ಹತ್ತಿದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಅವರು ಹೇಳಿದ್ದು ಸ್ನೇಹಾಗೆ. ನಾನು ಮಾತ್ರ ಆ ಜವಾಬ್ದಾರಿಯನ್ನು ಅಂದೇ, ಯಾರನ್ನೂ ಕೇಳದೆ, ನನ್ನ ಹೆಗಲಿಗೆ ಏರಿಸಿಕೊಂಡೆ. ಮನೆಯಲ್ಲಿ ಬಿಡುವಿದ್ದವನು ನಾನೊಬ್ಬನೇ. ನೇಮದಿಂದ ಕೆಲಸ ಮಾಡಬಲ್ಲವನೂ ನಾನೊಬ್ಬನೇ ಎಂಬುದು ನನ್ನ ನಂಬಿಕೆ.

ಆರು ಬಾಟಲಿ ತಂದೆವು. ಒಂದೊಂದರ ತಳಕ್ಕೂ ಒಂದೊಂದು ಅಂಕಿ ಬರೆದೆ. ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ವೇಳಾಪಟ್ಟಿ ಅಂಟಿಸಿದೆ: ಯಾವ ಬಾಟಲಿ ಎಷ್ಟು ಗಂಟೆಗೆ ಹೋಗಬೇಕು, ಎಷ್ಟಕ್ಕೆ ಮರಳಬೇಕು, ಎಷ್ಟು ಹೊತ್ತು ಕುದಿಯಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ದಿನದಿನದ ವಿವರ ಬರೆಯತೊಡಗಿದೆ. ಕೂಸು ಕುಡಿದದ್ದೆಷ್ಟು, ಕಕ್ಕಿದ್ದೆಷ್ಟು, ಎಷ್ಟು ಸಲ ಹೊರಕಡೆಗಾಯಿತು, ಹೇಗಾಯಿತು. ವಿಜಯಾ ಅದನ್ನು ನೋಡಿ, ಕೂಸಿಗೆ ಹಾಜರಿ ಹಾಕುವುದೊಂದು ಬಾಕಿ ಉಳಿಯಿತು ಎಂದಳು. ನಾನು ನಗಲಿಲ್ಲ.

ನಗುವುದಕ್ಕೆ ಆ ಮಳೆಗಾಲ ಎಡೆಯನ್ನೇ ಕೊಡಲಿಲ್ಲ. ನಮ್ಮ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಬಂದಾಗ ಚಹಾದ ಬಣ್ಣ ತಾಳಿ ಬರುತ್ತಿತ್ತು. ಅದನ್ನು ಡ್ರಮ್ಮುಗಳಲ್ಲಿ ತುಂಬಿ, ಮಣ್ಣು ತಳಕ್ಕೆ ಕೂರುವವರೆಗೆ ಒಂದು ಹಗಲು ಕಾಯಬೇಕು. ಅದು ಮುಗಿದರೆ ಬೋರ್‌ವೆಲ್ ನೀರು. ಆ ನೀರಿನಲ್ಲಿ ಕುದಿಸಿದ ಬಾಟಲಿಯ ಮೈಮೇಲೆ ಸೀಮೆಸುಣ್ಣದ ಪುಡಿ ಬಳಿದಂತೆ ಬಿಳಿಯ ಪೊರೆ ಕೂರುತ್ತಿತ್ತು. ಲಿಂಬೆಯ ಹೋಳು ಹಾಕಿ ಕುದಿಸಿದೆ. ಪೊರೆ ಹೋಯಿತು, ಲಿಂಬೆಯ ವಾಸನೆ ಉಳಿಯಿತು. ವಾಸನೆ ಹೋಗಲೆಂದು ಮತ್ತೆ ಕುದಿಸಿದೆ, ಪೊರೆ ಮರಳಿತು. ಹೊರಗೆ ಹಗಲೆಲ್ಲ ಜಿಟಿಜಿಟಿ ಮಳೆ. ಬೋರಲು ಹಾಕಿದ ಬಾಟಲಿ ಸಂಜೆಯಾದರೂ ಒಣಗದು, ಒಳಗೆ ಹನಿಗಟ್ಟಿಕೊಂಡು ನಿಂತಿರುತ್ತದೆ. ಬಾಟಲಿಯ ಡಬ್ಬಿಯೊಳಗಿನ ಸೂಚನಾ ಚೀಟಿ ಏಳೆಂಟು ಭಾಷೆಗಳಲ್ಲಿತ್ತು. ಕನ್ನಡವೊಂದನ್ನು ಬಿಟ್ಟು ಉಳಿದವೆಲ್ಲ ಅದರಲ್ಲಿದ್ದವು. ನಾನು ಸಿಟ್ಟಿನಿಂದ ಅದನ್ನು ಅಲ್ಲಿಯೇ ಹರಿದು ಹಾಕಿದೆ. ಇಂಗ್ಲಿಷಿನದನ್ನಾದರೂ ಓದಬಹುದಾಗಿತ್ತು.

ಓದದೆಯೇ ನನ್ನ ನಿಯಮಗಳನ್ನು ನಾನು ಮಾಡಿಕೊಂಡೆ. ಕುಡಿದಾದ ಕೂಡಲೇ ಬಾಟಲಿಗೆ ಕುದಿನೀರು ಸುರಿಯತಕ್ಕದ್ದು. ಸೋಪು ಹಾಕಿ ಬ್ರಶ್ಶಿನಿಂದ ಇಪ್ಪತ್ತು ಸಲ ತಿರುವತಕ್ಕದ್ದು. ಆಮೇಲೆ ತೊಟ್ಟು ಕೂರಿಸಿದ, ಬಾಟಲಿಯ ಬಾಯಿಗೆ ತಿರುಪುವ ಪ್ಲಾಸ್ಟಿಕ್ ಬಳೆಯನ್ನೂ ಬಾಟಲಿಯನ್ನೂ ಹತ್ತು ನಿಮಿಷ ಕುದಿಸತಕ್ಕದ್ದು. ಕುದಿದ ಮೇಲೆ ಇಕ್ಕಳದಿಂದಲೇ ಎತ್ತತಕ್ಕದ್ದು. ಮನುಷ್ಯರ ಕೈ ಯಾವ ಕಾರಣಕ್ಕೂ ತಾಗಕೂಡದು. ತೊಟ್ಟನ್ನು ಬಳೆಯಿಂದ ಬಿಡಿಸಿದರೆ ಮತ್ತೆ ಕೂರಿಸುವಾಗ ಬೆರಳು ತಾಗಿಯೇ ತಾಗುತ್ತದೆ. ಆದ್ದರಿಂದ ಅವೆರಡನ್ನೂ ಬಿಡಿಸದೆ ಒಟ್ಟಿಗೇ ಕುದಿಸುವುದೆಂದು ಗೊತ್ತುಮಾಡಿದೆ. ಈ ವಿಚಾರಕ್ಕಾಗಿ ನನ್ನನ್ನು ನಾನೇ ಮೆಚ್ಚಿಕೊಂಡದ್ದೂ ನೆನಪಿದೆ.

ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದಕ್ಕೆಂದು ಗರಗದಿಂದ ನನ್ನ ಅಕ್ಕ ಗಂಗವ್ವ ಬಂದಳು. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು ಖಾದಿ ಕೇಂದ್ರದಲ್ಲಿ ನೂಲಲು ಕುಳಿತವಳು, ಗಂಡ ತೀರಿದ ಮೇಲೂ ಅಲ್ಲಿಂದ ಎದ್ದಿಲ್ಲ. ಹತ್ತಿಯ ಹಂಜಿಯನ್ನು ಬೆರಳ ತುದಿಯಲ್ಲಿ ಹಾಯಿಸುತ್ತ, ಕಣ್ಣಿಗೆ ಕಾಣದ ಕಸವನ್ನೂ ಗಂಟನ್ನೂ ಹಿಡಿದು ತೆಗೆಯುವುದು ಅವಳ ಐವತ್ತು ವರ್ಷದ ಅಭ್ಯಾಸ. ಸಂತೆಯಲ್ಲಿ ಸೀರೆ ಕೊಳ್ಳುವಾಗ ಕೂಡ ಅವಳು ನೋಡುವುದು ಕಡಿಮೆ, ಮುಟ್ಟುವುದು ಹೆಚ್ಚು. ಬಂದ ದಿನವೇ ನನ್ನ ವೇಳಾಪಟ್ಟಿಯ ಮುಂದೆ ನಿಂತು, ಇದು ಯಾವ ಪರೀಕ್ಷೆಯದು ಎಂದು ವಿಚಾರಿಸಿದಳು. ಕೂಸಿನ ಊಟದ್ದು ಎಂದೆ. ಪಾಸಾಗದಿದ್ದರೆ ಮುಂದಿನ ವರ್ಷ ಮತ್ತೆ ಕುಡಿಸುತ್ತೀಯೇನು ಎಂದು ಕೇಳಿ, ಎಣ್ಣೆ ಕಾಯಿಸಲು ಒಳಗೆ ಹೋದಳು.

ಅವಳಿಂದ ನನಗಾದ ಕಿರಿಕಿರಿ ಒಂದೆರಡಲ್ಲ. ನಾಲ್ಕನೆಯ ಅಂಕಿಯ ಬಾಟಲಿಯನ್ನು ಎರಡನೆಯದರ ಹೊತ್ತಿಗೆ ಕೊಡುವಳು. ಕುದಿನೀರಿನ ನಿಯಮ ಮುರಿದು, ಕುಡಿದ ಬಾಟಲಿಗೆ ಮೊದಲು ಡ್ರಮ್ಮಿನ ತಣ್ಣೀರು ಸುರಿದು ಅಲುಗಿಸಿ ಚೆಲ್ಲುವಳು. ಕೇಳಿದರೆ, ಹಾಲಿನ ಪಾತ್ರೆಗೆ ಮೊದಲೇ ಬಿಸಿನೀರು ಹಾಕಿದರೆ ಹಾಲು ಕಚ್ಚಿಕೊಳ್ಳುತ್ತದೆ ಎನ್ನುವಳು. ನಾನು ಸುರಿದ ಕುದಿನೀರಿನ ಮೇಲೆ ಅವಳು ತಣ್ಣೀರು, ಅವಳು ಸುರಿದ ತಣ್ಣೀರಿನ ಮೇಲೆ ನಾನು ಕುದಿನೀರು. ವಾರಕ್ಕೊಮ್ಮೆ ಬರುವ ನೀರು ಐದು ದಿನಕ್ಕೇ ತಳ ಕಂಡಿತು. ವಿಜಯಾ ಕಚೇರಿಯಿಂದ ಬಂದು ಕೈಕಾಲು ತೊಳೆಯಲು ಒಂದು ತಂಬಿಗೆ ನೀರಿಗೆ ನಮ್ಮಿಬ್ಬರಲ್ಲಿ ಯಾರ ಅಪ್ಪಣೆ ಬೇಕೆಂದು ಕೇಳಿದಳು.

ಒಂದು ಸೋಮವಾರ ಮಧ್ಯಾಹ್ನ ನಾನು ಅಡುಗೆಮನೆಗೆ ಹೋದಾಗ ಅಕ್ಕ ಮೂಲೆಯ ಬಚ್ಚಲ ಕಟ್ಟೆಯ ಮೇಲೆ ಕುಳಿತು, ಬಳೆಯಿಂದ ತೊಟ್ಟನ್ನು ಕಿತ್ತು, ಅಂಗಿಯ ತೋಳು ಮಗುಚುವಂತೆ ಅದನ್ನು ಹೆಬ್ಬೆರಳ ಮೇಲೆ ಒಳಹೊರಗು ಮಗುಚಿ ತಿಕ್ಕುತ್ತಿದ್ದಳು. ಬರಿಗೈ. ನನ್ನ ಕಣ್ಣಿಗೆ ಬಿದ್ದದ್ದು ಆ ಬರಿಗೈ ಮಾತ್ರ.

"ಅಕ್ಕಾ, ಏನ್ ಮಾಡಾಕತ್ತೀ ಅದು?"

"ಜಿಡ್ಡು ಐತಿ ಒಳಗ. ತಗೀಯಾಕತ್ತೇನಿ."

"ಅದಕ್ಕಂತನ ಬ್ರಶ್ ತಂದೇನಿ."

"ಬ್ರಶ್ಶಿಗೆ ತಿಳೀತೈತೇನ್ ತಮ್ಮಾ, ಜಿಡ್ಡು ಹೋತೋ ಇಲ್ಲೋ ಅಂತ?"

ಬೆರಳಿನ ಉಗುರಿನಲ್ಲಿ ಏನೇನಿರುತ್ತದೆ ಎಂಬುದನ್ನು ಎಂಟನೆಯ ತರಗತಿಗೆ ಹೇಳುವ ಧಾಟಿಯಲ್ಲಿ ನಾನು ವಿವರಿಸಿದೆ. ಇನ್ನು ಮುಂದೆ ಅವಳು ಎರೆಯುವುದಷ್ಟೇ ಮಾಡಬೇಕು, ಬಾಟಲಿಯ ತಂಟೆಗೆ ಬರಕೂಡದು ಎಂದೆ. ನೋಟ್‌ಬುಕ್ ತೆರೆದು ಅಂದಿನ ಪುಟದಲ್ಲಿ ಅದನ್ನು ನಿಯಮವೆಂದು ಬರೆದೆ. ನಾನು ಬರೆಯುತ್ತಿರುವಾಗ ಅವಳು ಇನ್ನೂ ಏನೋ ಹೇಳುತ್ತಿದ್ದಳು. ವಾಕ್ಯ ಮುಗಿಸುವವರೆಗೆ ತಲೆಯೆತ್ತುವ ಅಭ್ಯಾಸ ನನಗಿಲ್ಲ.

ಶನಿವಾರ ಕೂಸಿಗೆ ಭೇದಿ ಹತ್ತಿತು. ಮೊದಲ ದಿನ ಮೂರು ಸಲ, ಭಾನುವಾರ ಬೆಳಗಿನೊಳಗೆ ಮತ್ತೆ ನಾಲ್ಕು. ಡಾಕ್ಟರು ತೂಕ ಹಾಕಿದರು. ವಾರದ ಹಿಂದಿನದಕ್ಕಿಂತ ನೂರು ಗ್ರಾಂ ಇಳಿದಿತ್ತು. ಔಷಧಿ ಬರೆದುಕೊಟ್ಟು, ಬಾಟಲಿ ಯಾರು ತೊಳೆಯುತ್ತೀರಿ ಎಂದು ಕೇಳಿದರು. ಇದು ನಿಲ್ಲದಿದ್ದರೆ ದಾಖಲು ಮಾಡಿ ಸಲಾಯಿನ್ ಹಚ್ಚಬೇಕಾಗುತ್ತದೆ, ಈ ಕೂಸಿನ ಕೈಯಲ್ಲಿ ನರ ಸಿಗುವುದೇ ಕಷ್ಟ ಎಂದೂ ಹೇಳಿದರು. ದಾರಿಯುದ್ದಕ್ಕೂ ಸ್ನೇಹಾ ಆಟೋದಲ್ಲಿ ಕೂಸಿನ ಮುಖದಿಂದ ಕಣ್ಣು ಕೀಳಲಿಲ್ಲ. ನಾನು ನನ್ನ ನಿಯಮಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ತಿರುವಿದೆ. ಎಲ್ಲಿಯೂ ಲೋಪ ಕಾಣಲಿಲ್ಲ. ಉಳಿದದ್ದು ಒಂದೇ ಕಾರಣ. ನಾನಿಲ್ಲದ ಹೊತ್ತಿನಲ್ಲಿ ಅವಳು ಮತ್ತೆ ಮುಟ್ಟಿರಬೇಕು.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಕೇಳಿದೆ. ಅಕ್ಕ, ತಾನು ಸೋಮವಾರದಿಂದ ಬಾಟಲಿ ಮುಟ್ಟಿಲ್ಲವೆಂದಳು. ನಾನು ನಂಬಲಿಲ್ಲ. ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ.

"ಇದು ಹಂಜಿ ಅಲ್ಲ ಅಕ್ಕಾ, ಕೂಸಿನ ಜೀವ. ಸಾಲಿ ಕಲೀದವರ ಕೈಗೆ ಇದರ ಸ್ವಚ್ಛತಾ ತಿಳಿಯೂದಿಲ್ಲ."

ವಿಜಯಾ, "ರೀ," ಎಂದಳು, ಅಷ್ಟೇ. ಅಕ್ಕ ಒಲೆಯ ಮೇಲಿದ್ದ ಎಣ್ಣೆಯ ಬಟ್ಟಲನ್ನು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ಆತು ಮಾಸ್ತರ," ಎಂದಳು. ತಮಾಷೆಗಲ್ಲದೆ ಅವಳು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ. "ಕೈ ನಂದು. ನಾ ತೊಗೊಂಡ ಹೊಕ್ಕೇನಿ."

ಮಳೆಯಲ್ಲೇ ಹೋದಳು. ಧಾರವಾಡಕ್ಕೊಂದು ಬಸ್ಸು, ಅಲ್ಲಿಂದ ಗರಗಕ್ಕೊಂದು. ಬಸ್ ನಿಲ್ದಾಣದವರೆಗೆ ಕೊಡೆ ಹಿಡಿದು ಹೋದವಳು ವಿಜಯಾ.

ಔಷಧಿಯಿಂದ ಎರಡು ದಿನ ಭೇದಿ ತಡೆಯಿತು. ಅಕ್ಕ ಹೋದದ್ದರಿಂದಲೇ ತಡೆಯಿತೆಂದು ನಾನು ತಿಳಿದೆ, ಹಾಗೆಂದು ಒಮ್ಮೆ ಗಟ್ಟಿಯಾಗಿಯೂ ಹೇಳಿದೆ. ಸ್ನೇಹಾ ಕೂಸಿನ ಕಡೆ ಹೊರಳಿ ಮಲಗಿದಳು. ಹತ್ತು ನಿಮಿಷದ ಕುದಿಯನ್ನು ಇಪ್ಪತ್ತಕ್ಕೆ ಏರಿಸಿದೆ. ಸಿಲಿಂಡರ್ ತಿಂಗಳ ನಡುವೆಯೇ ಮುಗಿಯಿತು. ಬುಧವಾರ ಭೇದಿ ಮತ್ತೆ ಹತ್ತಿತು. ಗುರುವಾರ ಮುಂಜಾನೆ ಕೂಸು ಹಾಲಿಗೆ ಬಾಯಿ ತೆರೆಯಲಿಲ್ಲ. ಅಳುವುದನ್ನೂ ಬಿಟ್ಟಿತ್ತು; ನೆತ್ತಿ ಒಳಗೆ ಇಳಿದಂತೆ ಕಂಡಿತು. ಹತ್ತು ಗಂಟೆಯೊಳಗೆ ಆಸ್ಪತ್ರೆಯಲ್ಲಿ ದಾಖಲು ಮಾಡಿದೆವು. ನರ ಹುಡುಕಲು ಮೂರು ಕಡೆ ಚುಚ್ಚಿದರು. ಕೊನೆಗೆ ಪಾದದಲ್ಲಿ ಸಿಕ್ಕಿತು.

ಅಲ್ಲಿ ನಡುವಯಸ್ಸಿನ ಒಬ್ಬ ನರ್ಸ್ ಇದ್ದರು. ಬಾಟಲಿ ತಂದಿದ್ದರೆ ತೋರಿಸಿ ಎಂದರು. ನಾನು ಚೀಲದಿಂದ ಮೂರನೆಯ ಅಂಕಿಯದನ್ನು ತೆಗೆದು, ಕರವಸ್ತ್ರದಲ್ಲಿ ಹಿಡಿದು ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು. ಕನ್ನಡಿಯಂತೆ ಹೊಳೆಯುತ್ತಿತ್ತು.

"ಯಾರ್ ತೊಳೀತಾರ್ರೀ ಇದನ್ನ?"

"ನಾನ. ದಿನಾ ಆರು ಬಾಟ್ಲಿ. ಒಂದೊಂದನ್ನ ಇಪ್ಪತ್ತು ನಿಮಿಷ ಕುದಸ್ತೇನಿ."

"ಕುದಸ್ತೀರಿ, ಖರೇ. ಬಿಚ್ಚತೀರೇನ್ರೀ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರು ಬಳೆಯನ್ನು ತಿರುವಿ ತೆಗೆದು, ತೊಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒಳಗೆ ದಬ್ಬಿದರು. ಅದು ಬಿಟ್ಟುಕೊಂಡಿತು. ಬಳೆ ಮತ್ತು ತೊಟ್ಟು ಕೂಡಿದ್ದ ಸಂದಿನಲ್ಲಿ ಹಳದಿ ಬಣ್ಣದ ಒಂದು ಗೆರೆ ಸುತ್ತಲೂ ಕುಳಿತಿತ್ತು. ಮೊಸರಿನಂತೆ ಹೆಪ್ಪುಗಟ್ಟಿ, ಕುದಿದು ಕುದಿದು ಗಟ್ಟಿಯಾಗಿ, ಮತ್ತೆ ಹಾಲು ತಾಗಿ ಮೆತ್ತಗಾದದ್ದು. ಹುಳಿತ ವಾಸನೆ ಹಾಸಿಗೆಯ ಆಚೆ ಬದಿಗೆ ಕುಳಿತಿದ್ದ ಸ್ನೇಹಾಳವರೆಗೂ ಹೋಯಿತು. ನರ್ಸ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎದುರು ಹೇಳಲು ನನಗೇನಾದರೂ ಸಿಗುತ್ತಿತ್ತು. ಬಹಳ ಮಂದಿ ಹೀಗೆಯೇ ಮಾಡುತ್ತಾರೆ ಎಂದಷ್ಟೇ ಹೇಳಿ ಬೇರೆ ಹಾಸಿಗೆಗೆ ಹೋದರು.

"ಅತ್ತಿ ದಿನಾ ಬಿಚ್ಚಿ ತೊಳೀತಿದ್ಲಪ್ಪಾ," ಎಂದಳು ಸ್ನೇಹಾ. ನಾಲ್ಕು ದಿನದಲ್ಲಿ ಅವಳು ನನಗೆ ಆಡಿದ ಮೊದಲ ಮಾತು.

ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕುಳಿತು ನೋಟ್‌ಬುಕ್ ತೆರೆದೆ. ಅಕ್ಕ ಬಂದ ದಿನದಿಂದ ಆ ಸೋಮವಾರದವರೆಗೆ, ಮೂರು ವಾರಕ್ಕೂ ಮೇಲೆ, ಹೊರಕಡೆಯ ಅಂಕಣದಲ್ಲಿ ದಿನವೂ ಒಂದೇ ಶಬ್ದ: ಸರಿ, ಸರಿ, ಸರಿ. ಸೋಮವಾರ: ಅಕ್ಕನಿಗೆ ಬಾಟಲಿ ನಿಷೇಧ. ಗುರುವಾರ: ತುಸು ತೆಳು. ಶನಿವಾರ: ಮೂರು ಸಲ, ನೀರಿನಂತೆ. ನನ್ನದೇ ಅಕ್ಷರ, ದುಂಡಗೆ, ಒಂದು ಅಕ್ಷರವನ್ನೂ ಹೊಡೆದುಹಾಕದೆ. ವಿದ್ಯಾರ್ಥಿಗಳು ಎದುರಿಗಿರುವ ಪಾಠವನ್ನು ಓದದೆ ಉತ್ತರ ಬರೆಯುತ್ತಾರೆಂದು ಇಪ್ಪತ್ತೆಂಟು ವರ್ಷ ಬೈದವನು ನಾನು.

ಮರುದಿನ ಕೂಸು ಕಣ್ಣು ತೆರೆದು ಸಣ್ಣಗೆ ಅತ್ತಿತು. ಅಪಾಯ ಕಳೆಯಿತೆಂದು ಡಾಕ್ಟರು ಹೇಳಿದ ಮೇಲೆ ನಾನು ಗರಗದ ಬಸ್ಸು ಹತ್ತಿದೆ. ದಾರಿಯಲ್ಲಿ, ಮಳೆ ಹೊಡೆಯುವ ಕಿಟಕಿಯ ಪಕ್ಕ ಕುಳಿತು, ಕ್ಷಮೆ ಕೇಳುವ ವಾಕ್ಯವೊಂದನ್ನು ಸಿದ್ಧಪಡಿಸಿದೆ. ಅದರಲ್ಲಿ ಮೂರು ಉಪವಾಕ್ಯಗಳಿದ್ದವು, ಯಾವುದೂ ತಪ್ಪಿರಲಿಲ್ಲ.

ಅಕ್ಕ ಕೇಂದ್ರದಲ್ಲಿ ಚರಕದ ಮುಂದಿದ್ದಳು. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ನೂಲಿನ ಲಡಿ ಮುಗಿಯುವವರೆಗೆ ನಾನು ಒದ್ದೆ ಕೊಡೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಪಕ್ಕದಲ್ಲಿ ನೂಲುತ್ತಿದ್ದ ಹೆಂಗಸರೆಲ್ಲ ನಮ್ಮಿಬ್ಬರನ್ನೂ ನೋಡಿ, ನೋಡದವರಂತೆ ಕುಳಿತರು. ಕೊನೆಗೆ ಅಕ್ಕ ದಾರ ಹರಿದು, ತಲೆಯೆತ್ತಿದಳು.

"ಕೂಸು ಹೆಂಗೈತಿ?"

ಹೇಳಿದೆ. ಸಲಾಯಿನ್ನಿನ ಮಾತು ಬಂದಾಗ ಅವಳ ಕೈ ಎದೆಗೆ ಹೋಯಿತು. ಬಳೆಯ ಸಂದಿನಲ್ಲಿ ಹಾಲು ಕುಳಿತಿತ್ತೆಂದು ಹೇಳಿದಾಗ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಗೊತ್ತಿತ್ತು ನನಗ."

"ಗೊತ್ತಿದ್ರ ಹೇಳಬೇಕಿಲ್ಲೇನ್ ಅಕ್ಕಾ?"

"ಹೇಳಿದ್ನೆಲ್ಲೋ. ಅವತ್ತ, ಬಚ್ಚಲದಾಗ. ನೀ ಬರಕೋತ ಕುಂತಿದ್ದಿ."

ನನ್ನ ಮೂರು ಉಪವಾಕ್ಯಗಳು ಎಲ್ಲಿ ಹೋದವೋ ತಿಳಿಯದು. ಬಾ ಎಂದಷ್ಟೇ ಹೇಳಿದೆ. ಅವಳು ಒಡನೆ ಒಪ್ಪಲಿಲ್ಲ. ಬಂದರೂ ತಾನು ಬಾಟಲಿ ತೊಳೆಯುವುದಿಲ್ಲ ಎಂದಳು. ಕೂಸು ಇರುವುದು ನನ್ನ ಮನೆಯಲ್ಲಿ, ತಾನು ಇಂದು ಇದ್ದು ನಾಳೆ ಹೋಗುವವಳು. ಬಿಚ್ಚಿ, ಮುಟ್ಟಿ, ತೊಳೆಯಲು ನೀನೇ ಕಲಿಯುವುದಾದರೆ ಬರುತ್ತೇನೆ, ಇಲ್ಲವಾದರೆ ಆರು ಬಾಟಲಿಯನ್ನೂ ಗಟಾರಕ್ಕೆ ಎಸೆ ಎಂದಳು. ನಾನು ಒಪ್ಪಿದೆ. ಅವಳು ಇನ್ನೊಂದು ಲಡಿ ಮುಗಿಸಿಯೇ ಎದ್ದಳು.

ಹೀಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಬಚ್ಚಲ ಕಟ್ಟೆಯ ಮೇಲೆ ವಿದ್ಯಾರ್ಥಿಯಾಗಿ ಕುಳಿತೆ. ಮೊದಲು ಮೊಳಕೈವರೆಗೆ ಸೋಪು ಹಾಕಿ ಕೈ ತೊಳೆಯುವುದು. ಬಾಟಲಿ, ಬಳೆ, ತೊಟ್ಟು, ಮುಚ್ಚಳ ಎಲ್ಲವನ್ನೂ ಬಿಡಿಬಿಡಿ ಮಾಡುವುದು. ಮೊದಲು ತಣ್ಣೀರು, ಆಮೇಲೆ ಸೋಪಿನ ಬಿಸಿನೀರು. ತೊಟ್ಟನ್ನು ಮಗುಚಿ ಬೆರಳಾಡಿಸುವುದು. ಜಾರಿದರೆ ಜಿಡ್ಡಿದೆ, ಕಿರ್ ಎಂದರೆ ಹೋಗಿದೆ. ರಂಧ್ರದಿಂದ ನೀರು ಚಿಮ್ಮಿಸಿ ನೋಡುವುದು. ಕಡೆಗೆ ಬಿಡಿಬಿಡಿಯಾಗಿಯೇ ಕುದಿಸಿ, ಒಣಗಲು ಬಿಡುವುದು. ನಾನು ತೊಳೆದು ಕೊಟ್ಟದ್ದನ್ನು ಅವಳು ಬೆರಳು ಹಾಯಿಸಿ ನೋಡಿ, "ಇನ್ನೊಮ್ಮಿ," ಎಂದು ಮರಳಿ ಕೊಡುತ್ತಿದ್ದಳು. ನನ್ನ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಇನ್ನೊಮ್ಮಿ. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಹೇಳಲಾಗದ ಸಿಟ್ಟು. ಇನ್ನೊಮ್ಮಿ. ಎಂಟನೆಯದೋ ಒಂಬತ್ತನೆಯದೋ ದಿನ, ಅವಳಿಗೆ ಕೊಡುವ ಮೊದಲೇ ಬಳೆಯ ಅಂಚಿನಲ್ಲಿ ಒಂದೆಡೆ ನನ್ನ ಬೆರಳು ತಾನಾಗಿ ಜಾರಿತು. ನಾನು ಅದನ್ನು ಮತ್ತೆ ತೊಳೆದೆ. ಅವಳು ನೋಡಿದಳು, ಅಂದು ಬಾಟಲಿಯನ್ನು ಕೇಳಲಿಲ್ಲ.

ಕೂಸು ಇಳಿಸಿದ್ದ ತೂಕವನ್ನು ಮರಳಿ ಪಡೆದು, ಮೇಲೆ ಮುನ್ನೂರು ಗ್ರಾಂ ಏರಿದ ವಾರ, ಅಕ್ಕ ಊರಿಗೆ ಹೊರಟಳು. ಸ್ನೇಹಾ ಸ್ನಾನಕ್ಕೆ ಹೋಗಿದ್ದಳು, ವಿಜಯಾ ಕಚೇರಿಗೆ. ಕೂಸು ಹಸಿದು ಕೂಗಿತು. ನಾನು ಹಾಲು ತುಂಬಿದ ಬಾಟಲಿಯನ್ನು ಅಕ್ಕನ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ನೀನ ಕುಡಸು."

ಎರಡು ತಿಂಗಳಲ್ಲಿ ನಾನು ತೊಳೆದ ಬಾಟಲಿಗಳಿಗೆ ಲೆಕ್ಕವಿಲ್ಲ. ಒಂದನ್ನಾದರೂ ಆ ಬಾಯಿಗೆ ಹಿಡಿದಿರಲಿಲ್ಲ. ಹಿಡಿಯುವ ಹೊತ್ತಿಗೆಲ್ಲ ಮುಂದಿನ ಬಾಟಲಿ ಒಲೆಯ ಮೇಲಿರುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಅಕ್ಕ ಕೂಸನ್ನು ನನ್ನ ತೋಳಿನಲ್ಲಿ ಇಟ್ಟಳು. ಅದು ತೊಟ್ಟನ್ನು ಹಿಡಿದು ಎಳೆಯತೊಡಗಿತು. ಆ ಎಳೆತ ಬಾಟಲಿಯ ಮೂಲಕ ನನ್ನ ಕೈಗೆ ಬಂತು. ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿತ್ತು. ಗಾಳಿ ಹೋಗುತ್ತಿದೆ, ಬಾಟಲಿ ಇನ್ನೂ ಓರೆ ಮಾಡು ಎಂದಳು ಅಕ್ಕ. ಮಾಡಿದೆ. ಹಾಲು ಸ್ವಲ್ಪಸ್ವಲ್ಪವೇ ಇಳಿದು, ಕಡೆಯ ಗುಟುಕೂ ಮುಗಿಯಿತು. ನಾನು ತಟ್ಟನೆ ಕೂಸಿನ ಸಮೇತ ಎದ್ದು ಬಚ್ಚಲ ಕಡೆ ಹೊರಟೆ. ಹಾಲು ಒಣಗುವುದರೊಳಗೆ ತಣ್ಣೀರು ಹಾಕಬೇಕು.

"ಕುಂದ್ರು," ಎಂದಳು ಅಕ್ಕ. "ಮೊದ್ಲ ತೇಗಸು."

ಕೂಸನ್ನು ಹೆಗಲಿಗೆ ಹಾಕಿಕೊಂಡು ಕುಳಿತೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಈಗಲಾದರೂ ಆ ಮಾತನ್ನು ಆಡಿಬಿಡಬೇಕೆಂದು ಬಾಯಿ ತೆರೆದೆ.

"ಅಕ್ಕಾ, ಅವತ್ತ ನಾ ಅಂದದ್ದು..."

"ಮಾತಾಡಬ್ಯಾಡ. ಬೆನ್ನ ತಟ್ಟು."

ನಾನು ತಟ್ಟುತ್ತ ಕುಳಿತೆ.